ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಒಂದೇ ತರಗತಿ, ಹಲವು ಬುದ್ಧಿ

ಬಹುಬುದ್ಧಿ, ಕಲಿಕೆಯ ಶೈಲಿ ಎಂಬ ಮಾತುಗಳು ಈಗ ಎಲ್ಲ ತರಬೇತಿಗಳಲ್ಲೂ ಕೇಳಿಬರುತ್ತಿವೆ. ಇವನ್ನು ತರಗತಿಗೆ ತರುವುದು ಹೇಗೆ ಎಂದು ಕೊಡಗಿನ ಶಿಕ್ಷಕರೂ ಪೋಷಕರೂ ಕೇಳಿದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಐದನೇ ತರಗತಿಯ 26 ಮಕ್ಕಳಿಗೆ ಒಂದು ಪ್ರಶ್ನಾವಳಿ ತುಂಬಿಸಿ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮೂರು ಗುಂಪು ಮಾಡಿ ಗೋಡೆಗೆ ಪಟ್ಟಿ ಹಾಕಿದ್ದೇನೆ. ಇನ್ನು ಪ್ರತಿ ಪಾಠವನ್ನೂ ಮೂರು ಥರ ತಯಾರಿಸಬೇಕೆ? ಅಷ್ಟು ಸಮಯ ಎಲ್ಲಿಂದ ತರಲಿ?
(ಶಿಕ್ಷಕಿ, ಶನಿವಾರಸಂತೆ)

ಉತ್ತರ: ಬೇಡ. ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಇಳಿಸಿ.

ಇಲ್ಲಿ ಎರಡು ಬೇರೆ ವಿಚಾರಗಳು ಒಂದಕ್ಕೊಂದು ಗಂಟುಬಿದ್ದಿವೆ. ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ್ದು ಬಹುಬುದ್ಧಿಯ ವಿಚಾರ. ಭಾಷೆ, ತರ್ಕ ಮತ್ತು ಗಣಿತ, ಆಕಾರ ಮತ್ತು ಜಾಗದ ಅರಿವು, ಸಂಗೀತ, ದೇಹದ ಚಲನೆ, ಇತರರನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು ಎಂದು ಅವರು ಏಳನ್ನು ಹೆಸರಿಸಿದರು. ನಿಸರ್ಗವನ್ನು ಗುರುತಿಸಿ ವಿಂಗಡಿಸುವ ಬುದ್ಧಿ ಆಮೇಲೆ ಸೇರಿತು. ಇವು ಯಾವುದರಲ್ಲಿ ಎಷ್ಟು ಕಸುವಿದೆ ಎಂಬ ಲೆಕ್ಕ. ನಿಮ್ಮ ಪ್ರಶ್ನಾವಳಿಯ ಮೂಲ ಬೇರೆ. ನೋಡು, ಕೇಳು, ಓದಿ ಬರೆ, ಮಾಡು ಎಂಬ ವಿಂಗಡಣೆಯನ್ನು 1992ರಲ್ಲಿ ಪ್ರಚಾರಕ್ಕೆ ತಂದವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಅದು ಹೇಗೆ ಕಲಿಯಲು ಇಷ್ಟ ಎಂಬ ಲೆಕ್ಕ. ಎರಡನ್ನೂ ಒಂದೆಂದು ತಿಳಿಯಬೇಡಿ ಎಂದು ಗಾರ್ಡ್ನರ್ ಅವರೇ ಹೇಳಿದ್ದಾರೆ.

ಇಷ್ಟವಾದ ದಾರಿಯಲ್ಲೇ ಕಲಿಸಿದರೆ ಮಗು ಹೆಚ್ಚು ಕಲಿಯುತ್ತದೆಯೇ? ಮನೋವಿಜ್ಞಾನಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಆವರೆಗಿನ ಸಂಶೋಧನೆಗಳನ್ನು ಜಾಲಾಡಿ ನೋಡಿದರು. ಹಾಗೆ ಹೇಳಲು ತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ಗಾರ್ಡ್ನರ್ ವಾದವನ್ನೂ ಎಲ್ಲ ಮನೋವಿಜ್ಞಾನಿಗಳು ಒಪ್ಪಿಲ್ಲ. ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಉಳಿದವುಗಳಲ್ಲೂ ತುಸು ಮುಂದಿರುವುದೇ ಸಾಮಾನ್ಯ, ಹಾಗಿರುವಾಗ ಇವು ಪ್ರತ್ಯೇಕ ಬುದ್ಧಿಗಳು ಹೇಗಾದವು ಎಂಬುದು ಅವರ ತಕರಾರು. ಆದರೂ ಶಿಕ್ಷಕರಿಗೆ ಅದರಿಂದ ಒಂದು ಪ್ರಯೋಜನವಿದೆ. ಬರೀ ಬಾಯಿಪಾಠ, ಬರೀ ಬರವಣಿಗೆಯಿಂದ ಮಗುವನ್ನು ಅಳೆಯುವ ಚಾಳಿಯನ್ನು ಅದು ಪ್ರಶ್ನಿಸುತ್ತದೆ.

ಯಾವ ದಾರಿಯಲ್ಲಿ ಕಲಿಸಬೇಕು ಎಂಬುದನ್ನು ಪಾಠದ ವಿಷಯವೇ ಹೇಳುತ್ತದೆ. ಕೊಡಗಿನ ನಕ್ಷೆಯನ್ನು ಕಿವಿಯಿಂದ ಕಲಿಯಲಾಗದು, ಪದ್ಯದ ಲಯ ಕಣ್ಣಿಗೆ ಸಿಗದು. ಒಂದು ಪಾಠಕ್ಕೆ ಒಂದು ವಿವರಣೆ, ಒಂದು ಚಿತ್ರ ಅಥವಾ ನಕ್ಷೆ, ಕೈಯಲ್ಲಿ ಹಿಡಿಯುವ ಒಂದು ವಸ್ತು ಇಟ್ಟುಕೊಳ್ಳಿ. ಮೂರರಲ್ಲೂ ಇಪ್ಪತ್ತಾರೂ ಮಕ್ಕಳು ಹಾದುಹೋಗಲಿ. ಮೂರು ಪಾಠ ಬರೆಯುವ ಹೊರೆ ಇಲ್ಲ; ಒಂದೇ ಪಾಠಕ್ಕೆ ಮೂರು ಬಾಗಿಲು, ಅಷ್ಟೆ. ಹೆಸರುಪಟ್ಟಿಯ ಕೆಡುಕು ಬೇಗ ಗೊತ್ತಾಗುವುದಿಲ್ಲ. ‘ಕೇಳಿ ಕಲಿಯುವವರು’ ಎಂದು ಗೋಡೆಯ ಮೇಲೆ ಹೆಸರಿರುವ ಹುಡುಗ ಎರಡು ತಿಂಗಳಲ್ಲಿ ‘ಓದೋದು ನನಗಾಗಲ್ಲ ಮಿಸ್’ ಎನ್ನತೊಡಗುತ್ತಾನೆ, ನೀವೂ ಅವನಿಗೆ ಓದಲು ಕೊಡುವುದನ್ನು ಕಡಿಮೆ ಮಾಡಿರುತ್ತೀರಿ.

ಪ್ರಶ್ನೆ: ಭಿನ್ನರಾಶಿಯನ್ನು ಬಹುಬುದ್ಧಿಯ ಪ್ರಕಾರ ಕಲಿಸಿ ಎನ್ನುತ್ತಾರೆ. ಅವಧಿ ಇರುವುದು 40 ನಿಮಿಷ, ಮಕ್ಕಳು 30. ಹಾಡು, ಚಿತ್ರ, ಆಟ ಎಲ್ಲ ಸೇರಿಸಿದರೆ ಲೆಕ್ಕವೇ ಉಳಿಯುವುದಿಲ್ಲ.
(ಗಣಿತ ಶಿಕ್ಷಕ, ವಿರಾಜಪೇಟೆ)

ಉತ್ತರ: ಎಂಟು ಬುದ್ಧಿಗೂ ಒಂದೊಂದು ಚಟುವಟಿಕೆ ಎಂದು ಹೊರಟರೆ ಹಾಗೆಯೇ ಆಗುವುದು. ಸಿನಿಮಾ ಧಾಟಿಗೆ ಕಟ್ಟಿದ ಭಿನ್ನರಾಶಿ ಹಾಡಿನಿಂದ ಮಕ್ಕಳಿಗೆ ಧಾಟಿ ನೆನಪಿರುತ್ತದೆ, ಭಿನ್ನರಾಶಿ ನೆನಪಿರುವುದಿಲ್ಲ. ಹಾಡು ಬಿಡಿ. ಕೈ, ಕಣ್ಣು, ದೇಹ, ಮಾತು, ಬರಹ ಇಷ್ಟು ಸಾಕು.

ಕಾಗದದ ಪಟ್ಟಿಗಳಿಂದ ಶುರುಮಾಡಿ. ಪಟ್ಟಿಯ ಉದ್ದ 24 ಸೆಂ.ಮೀ., ಅಗಲ 3 ಸೆಂ.ಮೀ. 24ನ್ನೇ ಏಕೆ ಆರಿಸಬೇಕೆಂದರೆ 2, 3, 4, 6, 8, 12 ಎಲ್ಲದರಿಂದಲೂ ಅದು ಭಾಗವಾಗುತ್ತದೆ. ಎ4 ಹಾಳೆಯನ್ನು 24 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ 21 ಸೆಂ.ಮೀ. ಅಗಲದಲ್ಲಿ ಸರಿಯಾಗಿ ಏಳು ಪಟ್ಟಿ ಸಿಗುತ್ತವೆ. ಮಗುವಿಗೆ ಐದರಂತೆ 30 ಮಕ್ಕಳಿಗೆ 150 ಪಟ್ಟಿ ಬೇಕು, ಅಂದರೆ 22 ಹಾಳೆ. ಒಂದು ಬದಿ ಬರೆದ ಹಳೆಯ ಹಾಳೆಗಳೇ ಸಾಕು. ಹಿಂದಿನ ದಿನ ದೊಡ್ಡ ತರಗತಿಯ ಇಬ್ಬರು ಮಕ್ಕಳಿಂದ ಕತ್ತರಿಸಿಡಿ.

ಮೊದಲ 10 ನಿಮಿಷ: ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟು, ಉಳಿದ ನಾಲ್ಕನ್ನು ಎರಡು, ಮೂರು, ನಾಲ್ಕು, ಆರು ಭಾಗ ಮಾಡಿಸಿ. ಅರ್ಧ, ಕಾಲು ಮಡಚುವುದು ಸಲೀಸು. ಮೂರು ಭಾಗವನ್ನು ಮಾತ್ರ ಅಂದಾಜಿನಿಂದ ಮಡಚಲು ಬಿಡಬೇಡಿ, ಸ್ಕೇಲಿಟ್ಟು 8 ಮತ್ತು 16ರಲ್ಲಿ ಗುರುತು ಹಾಕಿಸಿ. ಅಂದಾಜು ಮಡಿಕೆಯಲ್ಲಿ ತುಂಡುಗಳು ಏರುಪೇರಾಗುತ್ತವೆ, ಯಾವ ಮೂರು ತುಂಡಾದರೂ ಮೂರನೇ ಒಂದು ಎಂಬ ತಪ್ಪು ಅಲ್ಲೇ ಬೇರೂರುತ್ತದೆ. ಕಿತ್ತಳೆ ತೊಳೆಗಳಿಂದ ಭಿನ್ನರಾಶಿ ಕಲಿಸುವುದು ನಮ್ಮ ಕಡೆ ರೂಢಿ. ಅಲ್ಲಿಯ ತೊಡಕೂ ಇದೇ. ಒಂದೊಂದು ಹಣ್ಣಿನಲ್ಲಿ ತೊಳೆಗಳ ಸಂಖ್ಯೆಯೂ ಬೇರೆ, ಒಂದೇ ಹಣ್ಣಿನ ತೊಳೆಗಳ ಗಾತ್ರವೂ ಬೇರೆ. ಹಂಚಿ ತಿನ್ನಲು ಸೊಗಸು, ಸಮಭಾಗ ಕಲಿಸಲು ಅಲ್ಲ.

ಮುಂದಿನ 10 ನಿಮಿಷ ಹೋಲಿಕೆ. 1/3 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿ, ಮೊದಲು ಕೈ ಎತ್ತಿಸಿ, ಆಮೇಲೆ ಪಟ್ಟಿ ಜೋಡಿಸಿ ನೋಡಿಸಿ. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ 1/4 ದೊಡ್ಡದು ಎನ್ನುವವರು ಹೆಚ್ಚಿರುತ್ತಾರೆ. ಊಹೆ ಮೊದಲು, ಪಟ್ಟಿ ಆಮೇಲೆ: ಈ ಕ್ರಮ ತಪ್ಪಿದರೆ ಮಗುವಿನ ತಪ್ಪು ತಿಳಿವಳಿಕೆ ಹೊರಗೆ ಬರುವುದೇ ಇಲ್ಲ. ಬಳಿಕ 1/2 + 1/3. ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿ 2/5 ಎಂದು ಬರೆಯುವವರು ಇದ್ದೇ ಇರುತ್ತಾರೆ. ತಪ್ಪು ಎನ್ನಬೇಡಿ, ಅಳೆಯಲು ಹೇಳಿ. 12 ಸೆಂ.ಮೀ. ಪಕ್ಕಕ್ಕೆ 8 ಸೆಂ.ಮೀ. ಇಟ್ಟರೆ 20. 24ರ 2/5 ಎಂದರೆ 9.6 ಸೆಂ.ಮೀ. ಮಾತ್ರ. ಕೂಡಿಸಿದ ಮೇಲೆ ಮೊದಲಿದ್ದ ಅರ್ಧಕ್ಕಿಂತಲೂ ಚಿಕ್ಕದಾಯಿತಲ್ಲ ಎಂದು ಮಗುವೇ ಹುಬ್ಬೇರಿಸುತ್ತದೆ. ಆರನೇ ಒಂದರ ತುಂಡು 4 ಸೆಂ.ಮೀ., 20ಕ್ಕೆ ಅಂಥ ಐದು ಹಿಡಿಯುತ್ತವೆ, ಉತ್ತರ 5/6. ಸಮಚ್ಛೇದ ಏಕೆ ಬೇಕು ಎಂಬುದು ಸೂತ್ರ ಬರೆಯುವ ಮೊದಲೇ ಕೈಗೆ ಸಿಕ್ಕಿರುತ್ತದೆ.

ಆಮೇಲೆ 8 ನಿಮಿಷ ಹಗ್ಗ. 2.4 ಮೀಟರ್ ಹಗ್ಗವನ್ನು ಇಬ್ಬರು ಹಿಡಿಯಲಿ, ಒಂದು ತುದಿ 0, ಇನ್ನೊಂದು 1. 1/2, 2/4, 2/3, 3/4, 5/6 ಎಂಬ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸರಿಯಾದ ಜಾಗಕ್ಕೆ ಸಿಕ್ಕಿಸಬೇಕು. 1/2 ಮತ್ತು 2/4 ಒಂದೇ ಜಾಗಕ್ಕೆ ಬಂದು ತಳ್ಳಾಟವಾದಾಗ ಸಮಾನ ಭಿನ್ನರಾಶಿಯ ಮಾತು ತೆಗೆಯಿರಿ. ಚೀಟಿ ಸಿಕ್ಕಿಸುವವರು ಐವರೇ. ಉಳಿದವರು ಸ್ಲೇಟಿನಲ್ಲಿ ಅದೇ ಗೆರೆ ಎಳೆದು ಗುರುತು ಹಾಕಲಿ, ಇಲ್ಲದಿದ್ದರೆ ಅವರಿಗೆ ಅದು ಬರೀ ನೋಟ. ಏಳು ನಿಮಿಷ ಜೋಡಿಯಲ್ಲಿ ಒಬ್ಬರಿಗೊಬ್ಬರು ವಿವರಿಸಿ ಪುಸ್ತಕಕ್ಕೆ ಬರೆಯುವುದು. ಕೊನೆಯ ಐದು ನಿಮಿಷ ಪಟ್ಟಿ, ಹಗ್ಗ ಎರಡನ್ನೂ ಎತ್ತಿಟ್ಟು, ತುಂಡು ಕಾಗದದಲ್ಲಿ ಎರಡೇ ಲೆಕ್ಕ. ಈ ಚೀಟಿಗಳನ್ನು ಅಂದೇ ಸಂಜೆ ನೋಡಿ. ಚಟುವಟಿಕೆ ಚೆನ್ನಾಗಿತ್ತು ಎಂಬುದಕ್ಕೂ ಮಕ್ಕಳಿಗೆ ಬಂತು ಎಂಬುದಕ್ಕೂ ಇರುವ ಅಂತರ ಅವುಗಳಲ್ಲೇ ಕಾಣುವುದು.

ಪ್ರಶ್ನೆ: ನಮ್ಮ ಶಾಲೆಗೆ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದಲೂ ಬುಡಕಟ್ಟಿನವರ ಹಾಡಿಯಿಂದಲೂ ಮಕ್ಕಳು ಬರುತ್ತಾರೆ. ಮನೆಮಾತು ತಮಿಳು, ಮಲಯಾಳ, ಯರವ. ಈಚೆಗೆ ಅಸ್ಸಾಮಿನ ಮಕ್ಕಳೂ ಇದ್ದಾರೆ. ಕೆಲವರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಇವರಿಗೆ ಭಾಷಾಬುದ್ಧಿ ಕಡಿಮೆ ಎಂದು ತಿಳಿದು ಚಿತ್ರ ಬಿಡಿಸಲು ಕೊಡುತ್ತಿದ್ದೇವೆ. ಸರಿಯೇ?
(ಮುಖ್ಯ ಶಿಕ್ಷಕಿ, ಸಿದ್ದಾಪುರ)

ಉತ್ತರ: ಚಿತ್ರ ಬಿಡಿಸಲಿ, ಆದರೆ ಕಾರಣ ತಪ್ಪು. ಮನೆಯಲ್ಲಿ ಒಂದು, ಲೈನಿನಲ್ಲಿ ಇನ್ನೊಂದು, ಶಾಲೆಯಲ್ಲಿ ಮೂರನೆಯ ಭಾಷೆ ಕೇಳಿಸಿಕೊಳ್ಳುವ ಮಗುವಿಗೆ ಭಾಷಾಬುದ್ಧಿ ಕಡಿಮೆ ಎನ್ನಲು ಯಾವ ಆಧಾರವೂ ಇಲ್ಲ. ಹೊಸ ಭಾಷೆಯೊಳಗೆ ಬಂದ ಮಗು ಕೆಲವು ಕಾಲ ಸುಮ್ಮನೆ ಕೇಳುವುದು ಸಹಜ. ಕೆನಡಾದ ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮಿನ್ಸ್ ಅವರ ಅಧ್ಯಯನಗಳ ಪ್ರಕಾರ ಎರಡನೇ ಭಾಷೆಯಲ್ಲಿ ಆಟದ ಮಾತು ಹೆಚ್ಚುಕಡಿಮೆ ಎರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಕೈಹಿಡಿಯಲು ಐದರಿಂದ ಏಳು ವರ್ಷ ಬೇಕು. ಮೈದಾನದಲ್ಲಿ ಕನ್ನಡದಲ್ಲೇ ಜಗಳವಾಡುವ ಹುಡುಗ ಪರಿಸರ ಅಧ್ಯಯನದ ಪುಟದ ಮುಂದೆ ಮಂಕಾಗುವುದು ಈ ಕಾರಣಕ್ಕೇ.

ತಪ್ಪುಗಳನ್ನೂ ಮನೆಮಾತಿನ ಬೆಳಕಿನಲ್ಲಿ ಓದಿ. ತಮಿಳು ಲಿಪಿಯಲ್ಲಿ ಕ–ಗ, ಪ–ಬಗಳಿಗೆ ಬೇರೆ ಬೇರೆ ಅಕ್ಷರವಿಲ್ಲ, ಮಹಾಪ್ರಾಣವೂ ಇಲ್ಲ. ಆ ಮಕ್ಕಳು ‘ಬಾಗಿಲು’ ಎಂಬುದನ್ನು ‘ಪಾಕಿಲು’ ಎಂದು ಬರೆದರೆ ಆಶ್ಚರ್ಯವೇನು? ಅಸ್ಸಾಮಿ ಮಾತಿನಲ್ಲಿ ತ–ಟ ಭೇದವಿಲ್ಲ, ನಮ್ಮ ಚ ಅಲ್ಲಿ ಸ ಆಗಿ ಕೇಳಿಸುತ್ತದೆ. ಇಂಥವಕ್ಕೆ ಹತ್ತು ಸಲ ತಿದ್ದಿ ಬರೆಸುವುದರಿಂದ ಲಾಭವಿಲ್ಲ. ಕತ್ತೆ–ಕಟ್ಟೆ, ಕಾಲು–ಗಾಲಿ ಎಂದು ಜೋಡಿ ಶಬ್ದ ಹೇಳಿ, ಕೇಳಿದ್ದು ಯಾವುದೆಂದು ಚಿತ್ರ ತೋರಿಸುವ ಆಟವನ್ನು ದಿನಕ್ಕೆ ಐದು ನಿಮಿಷ ಆಡಿಸಿ. ಕಿವಿ ಮೊದಲು ಬೇರ್ಪಡಿಸಬೇಕು, ಕೈ ಆಮೇಲೆ. (ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಗುರುತೇ ಇಲ್ಲ ಎಂಬುದನ್ನು ನೆನೆದರೆ ಈ ಮಕ್ಕಳ ಪಾಡು ನಮಗೂ ಅರ್ಥವಾಗುತ್ತದೆ.)

ಪಾಠಕ್ಕೆ ಎಂಟು ಮುಖ್ಯ ಶಬ್ದ ಆರಿಸಿ, ಅದಕ್ಕಿಂತ ಹೆಚ್ಚು ಬೇಡ. ವಸ್ತು ತೋರಿಸಿ, ಮಕ್ಕಳ ಮನೆಮಾತಿನಲ್ಲಿ ಅದಕ್ಕೆ ಏನನ್ನುತ್ತಾರೆಂದು ಕೇಳಿ, ಕನ್ನಡ ಶಬ್ದದ ಕೆಳಗೆ ಅದನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಎರಡನೇ ದಿನ ‘ಇದು ಇದಕ್ಕೆ ಬೇಕು’, ‘ಇದು ಮೊದಲು, ಅದು ಆಮೇಲೆ’ ಎಂಬಂಥ ಅರ್ಧ ವಾಕ್ಯ ಕೊಟ್ಟು ತುಂಬಿಸಲು ಬಿಡಿ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡ್ ಕಾಯಿರಿ. ಬಹಳಷ್ಟು ಶಿಕ್ಷಕರು ಒಂದು ಸೆಕೆಂಡ್ ದಾಟುವ ಮೊದಲೇ ಇನ್ನೊಬ್ಬರನ್ನು ಎಬ್ಬಿಸುತ್ತಾರೆ. ಮಾತು ಬರುವವರೆಗೆ ತಿಳಿವಳಿಕೆಯನ್ನು ಬೇರೆ ರೀತಿ ಪರೀಕ್ಷಿಸಿ. ಕಾಫಿ ಹಣ್ಣು, ಒಣಗಿದ ಕಾಯಿ, ಬೇಳೆ, ಪುಡಿ ಇವನ್ನು ಕ್ರಮವಾಗಿ ಜೋಡಿಸು ಎಂದರೆ ತೋಟದ ಮಗು ಮೊದಲಿಗನಾಗುತ್ತದೆ. ಆ ಜೋಡಣೆಗೆ ಒಂದೊಂದು ಕನ್ನಡ ಶಬ್ದ ಅಂಟಿಸುವುದೇ ಅಂದಿನ ಭಾಷಾಪಾಠ. ನವೆಂಬರಿನಿಂದ ಫೆಬ್ರವರಿವರೆಗಿನ ಕೊಯ್ಲಿನಲ್ಲಿ ಹಾಜರಿ ಇಳಿಯುವುದು ಗೊತ್ತೇ ಇದೆ. ಮುಖ್ಯ ಪಾಠಗಳನ್ನು ಅದಕ್ಕೆ ಮೊದಲೇ ಮುಗಿಸಿ, ಆ ತಿಂಗಳುಗಳಿಗೆ ಪುನರಾವರ್ತನೆ ಇಟ್ಟುಕೊಳ್ಳಿ.

ಪ್ರಶ್ನೆ: ನಿಸರ್ಗದಲ್ಲಿ ಆಸಕ್ತಿ ಇರುವ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆನ್ನುತ್ತಾರೆ. ಜೂನಿನಿಂದ ಮೂರು ತಿಂಗಳು ಇಲ್ಲಿ ಕೊಡೆ ಮಡಚುವ ಹಾಗಿಲ್ಲ. ಶೀಟಿನ ಮಾಡಿನ ಸದ್ದಿಗೆ ಪಾಠ ಕೇಳಿಸುವುದೂ ಇಲ್ಲ.
(ಶಿಕ್ಷಕ, ನಾಪೋಕ್ಲು)

ಉತ್ತರ: ಆ ಮೂರು ತಿಂಗಳಿಗೆ ಮಳೆಯನ್ನೇ ಪಾಠ ಮಾಡಿ. ಎರಡು ಲೀಟರಿನ ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು, ಕತ್ತು ಕಿರಿದಾಗತೊಡಗುವ ಜಾಗದಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯ ಹಾಗೆ ಒಳಗಿಡಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಅಲ್ಲಿ ಸಣ್ಣ ಕಲ್ಲು ತುಂಬಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ಸುರಿದು, ಆ ಗೆರೆಗೆ ಸ್ಕೇಲಿನ 0 ಬರುವಂತೆ ಅಂಟಿಸಿ. ತಳದಿಂದಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಮರ, ಕಟ್ಟಡಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಬಾಯಿ ನೆಲದಿಂದ ಒಂದು ಅಡಿ ಮೇಲಿರುವಂತೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಕೆಳಗಿಟ್ಟರೆ ನೆಲದಿಂದ ಸಿಡಿದ ನೀರೂ ಸೇರುತ್ತದೆ. ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ನೀವೂ ಒಂದೇ ಹೊತ್ತು ಇಟ್ಟುಕೊಳ್ಳಿ. ಆದರೆ ನಾಪೋಕ್ಲು ಕಡೆಯ ಮಳೆಗೆ ಈ ಬಾಟಲಿ ಒಂದೇ ದಿನದಲ್ಲಿ ತುಂಬಿ ಚೆಲ್ಲಬಹುದು. ಜೋರು ದಿನಗಳಲ್ಲಿ ಶಾಲೆ ಬಿಡುವಾಗಲೂ ಒಮ್ಮೆ ಓದಿ, ಗೆರೆವರೆಗೆ ಚೆಲ್ಲಿ, ಎರಡನ್ನೂ ಕೂಡಿಸಿ.

ಇದರಿಂದ ಎಷ್ಟು ದಾರಿ ತೆರೆಯುತ್ತವೆ ನೋಡಿ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ಒಂದು ಇಂಚಿಗೆ 100 ಸೆಂಟ್, ಒಂದು ಇಂಚು ಅಂದರೆ 25.4 ಮಿ.ಮೀ. ‘ನಿನ್ನೆ ಒಂದಿಂಚು 25 ಸೆಂಟ್’ ಎಂದು ತಾತ ಹೇಳಿದ್ದನ್ನು ಮೊಮ್ಮಗಳು 31.75 ಮಿ.ಮೀ. ಎಂದು ಬದಲಿಸಿದರೆ ಅದು ದಶಮಾಂಶದ ಪಾಠ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಬಿದ್ದರೆ 1 ಲೀಟರ್; 100 ಚದರ ಮೀಟರಿನ ಮಾಡಿಗೆ 30 ಮಿ.ಮೀ. ಬಿದ್ದರೆ 3,000 ಲೀಟರ್. ದಿನಕ್ಕೊಂದು ಕಂಬ ಏರಿಸಿದರೆ ಸ್ತಂಭಾಲೇಖ. ಈ ವರ್ಷ ಕಕ್ಕಡ (ಮಳೆ ಜೋರಾಗಿರುವ ಕೊಡಗಿನ ತಿಂಗಳು) ಹೇಗೆಂದು ಮನೆಯ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದರೆ ಭಾಷೆ. ಬಾಟಲಿ ನೋಡುವ ಸರದಿ ಎಲ್ಲರಿಗೂ ಬರಲಿ, ‘ನಿಸರ್ಗದ ಮಕ್ಕಳಿಗೆ’ ಮಾತ್ರವಲ್ಲ.

ಸದ್ದಿನ ವಿಷಯದಲ್ಲಿ ಹಟ ಬೇಡ. ಮಾಡು ಬಡಿಯುವಾಗ ಕೂಗಿ ಪಾಠ ಮಾಡಿದರೆ ಗಂಟಲು ಕೆಡುತ್ತದೆ, ಹಿಂದಿನ ಸಾಲಿಗೆ ಏನೂ ತಲುಪದು. ಆ ಹೊತ್ತಿಗೆ ಮೌನದ ಕೆಲಸ ಇರಲಿ: ಬೋರ್ಡಿನಲ್ಲಿ ಬರೆದ ಪ್ರಶ್ನೆಗೆ ಸ್ಲೇಟು ಎತ್ತಿ ಉತ್ತರ, ನಕ್ಷೆ ಕೆಲಸ, ಅಭಿನಯ ನೋಡಿ ಶಬ್ದ ಊಹಿಸುವುದು.

ಪ್ರಶ್ನೆ: ಕಾವೇರಿ ಪಾಠಕ್ಕೆ ‘ನಿಮಗಿಷ್ಟವಾದ ರೀತಿಯಲ್ಲಿ ತೋರಿಸಿ’ ಎಂದೆ. ಕೆಲವರು ಪೂರ್ತಿ ಅವಧಿ ಬಣ್ಣ ಬಳಿದರು. ಅಂಕ ಹೇಗೆ ಕೊಡಲಿ?
(ಶಿಕ್ಷಕಿ, ಕುಶಾಲನಗರ)

ಉತ್ತರ: ದಾರಿಯಲ್ಲಿ ಆಯ್ಕೆ ಕೊಡಿ, ಗುರಿಯಲ್ಲಿ ಕೊಡಬೇಡಿ. ನಕ್ಷೆ, ನಾಟಕ, ಮಾದರಿ, ಬರಹ ಯಾವುದೇ ಇರಲಿ, ಅದರಲ್ಲಿ ಇರಲೇಬೇಕಾದ್ದನ್ನು ಮೊದಲೇ ಬೋರ್ಡಿನಲ್ಲಿ ಬರೆಯಿರಿ. ತಲಕಾವೇರಿ, ಭಾಗಮಂಡಲ, ದುಬಾರೆ, ಕುಶಾಲನಗರ ಈ ಕ್ರಮದಲ್ಲಿ ಬರಬೇಕು: 4 ಅಂಕ. ಎರಡು ಉಪನದಿ ಮತ್ತು ಅವು ಸೇರುವ ಜಾಗ, ಉದಾಹರಣೆಗೆ ಭಾಗಮಂಡಲದಲ್ಲಿ ಕನ್ನಿಕೆ, ಕೂಡಿಗೆಯಲ್ಲಿ ಹಾರಂಗಿ: 4 ಅಂಕ. ‘ಏಕೆಂದರೆ’ ಇರುವ ಒಂದು ವಾಕ್ಯ, ಮಳೆಗಾಲದಲ್ಲಿ ಭಾಗಮಂಡಲಕ್ಕೆ ನೀರು ನುಗ್ಗುವುದೇಕೆ ಎಂಬಂಥದ್ದು: 2 ಅಂಕ. ಬಣ್ಣಕ್ಕೆ ಅಂಕವಿಲ್ಲ, ಅದಕ್ಕೆ ಕೊನೆಯ ಹತ್ತು ನಿಮಿಷ ಮಾತ್ರ.

ಯಾವ ರೂಪ ಆರಿಸಿದರೂ ಮೂರು ವಾಕ್ಯ ಬರಹ ಕಡ್ಡಾಯ. ಮುಂದೆ ಪರೀಕ್ಷೆ ಬರೆಯುವುದು ಕಾಗದದ ಮೇಲೇ ತಾನೆ. ಚಿತ್ರ ಬರುವ ಹುಡುಗಿ ತನ್ನ ನಕ್ಷೆಯನ್ನು ಮುಂದಿಟ್ಟುಕೊಂಡು ಬರೆದರೆ ವಾಕ್ಯ ತಾನಾಗಿ ಹೊರಡುತ್ತದೆ. ಒಂದೇ ರೂಪವನ್ನು ಸತತ ಎರಡಕ್ಕಿಂತ ಹೆಚ್ಚು ಸಲ ಆರಿಸಬಾರದು ಎಂಬ ನಿಯಮವೂ ಇರಲಿ.

ಪ್ರಶ್ನೆ: ಬೆರಳಚ್ಚು ತೆಗೆದು ಮಗುವಿನ ಎಂಟು ಬುದ್ಧಿಗಳ ಶೇಕಡಾವಾರು ವರದಿ ಕೊಡುತ್ತಾರಂತೆ, ಸಾವಿರಾರು ರೂಪಾಯಿ ಕೇಳುತ್ತಾರೆ. ಮಾಡಿಸೋಣವೇ?
(ಪೋಷಕರು, ಮಡಿಕೇರಿ)

ಉತ್ತರ: ಬೇಡ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡಿ ಜೀವನಪೂರ್ತಿ ಹಾಗೆಯೇ ಉಳಿಯುತ್ತವೆ. ಅವುಗಳಿಂದ ಬುದ್ಧಿಯ ಬಗೆಯನ್ನು ಓದಬಹುದು ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ಹಣದಲ್ಲಿ ಪುಸ್ತಕ, ಬಣ್ಣ, ಒಂದು ಚೆಂಡು, ಒಂದು ಭೂತಗನ್ನಡಿ ತಂದುಕೊಟ್ಟು, ಎರಡು ತಿಂಗಳು ಮಗು ತಾನಾಗಿ ಯಾವುದಕ್ಕೆ ಕೈ ಹಾಕುತ್ತದೆಂದು ನೋಡಿ.

ಪ್ರಶ್ನೆ: ನಾಲ್ಕನೇ ತರಗತಿಯ ಹುಡುಗ ಪದ್ಯಗಳನ್ನೆಲ್ಲ ಸುಶ್ರಾವ್ಯವಾಗಿ ಹಾಡುತ್ತಾನೆ, ಓದಲು ಬರುವುದಿಲ್ಲ. ಅವನದು ಸಂಗೀತಬುದ್ಧಿ ಎಂದು ಹಾಡಿಸಿಯೇ ಕಲಿಸುತ್ತಿದ್ದೇನೆ. ಸರ್ಕಾರಿ ಶಾಲೆಯ ಮೊದಲ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಮುಗಿಸಿ ಬಂದ ಮಗು.
(ಶಿಕ್ಷಕಿ, ಪೊನ್ನಂಪೇಟೆ)

ಉತ್ತರ: ಹಾಡು ಇಲ್ಲಿ ಸಮಸ್ಯೆಯನ್ನು ಮುಚ್ಚಿಡುತ್ತಿದೆ. ಪದ್ಯ ಬಾಯಿಪಾಠವಾಗಿರುವುದರಿಂದ ಅವನು ಪುಟ ನೋಡದೆಯೇ ಓದಿದಂತೆ ಕಾಣುತ್ತಾನೆ. ಪದ್ಯದ ಸಾಲುಗಳನ್ನು ಹಿಂದುಮುಂದು ಮಾಡಿ ಬರೆದು ಓದಿಸಿ, ನಿಜ ಸ್ಥಿತಿ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ತೊಡಕು ಎಲ್ಲಿದೆ ಎಂದು ಬಿಡಿಸಿ ನೋಡಿ: ಮೂಲಾಕ್ಷರದಲ್ಲೋ, ಗುಣಿತದಲ್ಲೋ, ಒತ್ತಕ್ಷರದಲ್ಲೋ? ಪ–ಷ, ಮ–ವ, ಬ–ಭ ಅದಲುಬದಲಾಗುತ್ತಿದೆಯೇ? ‘ಮರ’ ಎಂಬುದನ್ನು ಕೇಳಿ ಮ, ರ ಎಂದು ಒಡೆಯಬಲ್ಲನೇ? ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ, ಒಂದು ಸಲಕ್ಕೆ ಎರಡೇ ಹೊಸ ಅಕ್ಷರ. ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾ ಬಾಯಲ್ಲಿ ಹೇಳಲಿ, ಕೂಡಲೇ ಆ ಅಕ್ಷರದ ನಾಲ್ಕು ಶಬ್ದ ಓದಲಿ. ನಲಿ-ಕಲಿಯ ಕಾರ್ಡುಗಳಲ್ಲಿ ಅವನು ನಿಂತುಹೋದ ಮೈಲಿಗಲ್ಲಿಗೆ ಮರಳಲು ನಾಚಿಕೆ ಬೇಡ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯ ತಿರುಳೇ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು. ಹಾಡನ್ನು ಬಿಡಬೇಕಿಲ್ಲ, ಹಾಡುವಾಗ ಪ್ರತಿ ಶಬ್ದದ ಕೆಳಗೆ ಬೆರಳು ಸರಿಯಲಿ, ನಡುವೆ ನೀವು ಚಪ್ಪಾಳೆ ತಟ್ಟಿದ ಕ್ಷಣ ಬೆರಳು ಯಾವ ಶಬ್ದದ ಮೇಲಿದೆಯೋ ಅದನ್ನು ಬಿಡಿಯಾಗಿ ಓದಲಿ.

ಎಂಟು ವಾರ ಹೀಗೆ ಮಾಡಿ, ಪ್ರತಿ ಶುಕ್ರವಾರ ಹತ್ತು ಶಬ್ದ ಓದಿಸಿ ಸರಿಯಾದವನ್ನು ದಿನಾಂಕ ಸಹಿತ ಬರೆದಿಡಿ. ಸಂಖ್ಯೆ ಏರದಿದ್ದರೆ ಆ ಹಾಳೆಯೊಂದಿಗೆ ಬಿ.ಆರ್.ಸಿ.ಯ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಅದು ಹೌದೋ ಅಲ್ಲವೋ ಎಂಬುದನ್ನು ತಜ್ಞರು ಹೇಳಬೇಕು, ಮತ್ತು ಅವರು ಮೊದಲು ಕೇಳುವುದು ಇಂಥ ದಾಖಲೆಯನ್ನೇ.